ಸಾಗವಾನಿ ಹಲಗೆಯ ಫಕೀರಪ್ಪ

ಫಕೀರಪ್ಪನ ಮುಖಕ್ಕಿಂತ ಮೊದಲು ನಾನು ನೋಡಿದ್ದು ಅವನ ಎಲುಬುಗಳನ್ನು. ಹುಬ್ಬಳ್ಳಿಯ ಕಮರಿಪೇಟೆಯ ಹತ್ತಿರ ಒಂದು ಎಲುಬಿನ ದವಾಖಾನೆಯಲ್ಲಿ ನಾನು ಎಕ್ಸ್‌ರೇ ತೆಗೆಯುವ ಕೆಲಸಕ್ಕಿದ್ದೆ. ದಿನವಿಡೀ ಮುರಿದ ಕೈಕಾಲುಗಳೇ. ಮುಖ ನೋಡಿ ಮಾತಾಡಿಸುತ್ತ ಕೂತರೆ ಸಂಜೆಯ ಧಾರವಾಡದ ಬಸ್ಸು ತಪ್ಪುತ್ತಿತ್ತು. ಹಾಗಾಗಿ ಕೈ ಇಡಿ, ಅಲುಗಾಡಬೇಡಿ, ಏಳಿ ಎಂಬ ಮೂರು ಮಾತಿನಲ್ಲಿ ಎಲ್ಲರನ್ನೂ ಮುಗಿಸುತ್ತಿದ್ದೆ. ಆದರೆ ಆ ದಿನ ಫಿಲ್ಮನ್ನು ದೀಪಕ್ಕೆ ಹಿಡಿದವಳು ಹಾಗೇ ನಿಂತುಬಿಟ್ಟೆ. ಬಲಗೈಯ ಎರಡು ಗೆಣ್ಣುಗಳಿರಬೇಕಾದ ಜಾಗದಲ್ಲಿ ಒಂದು ಚಪ್ಪಟೆ ಗಂಟಿತ್ತು. ಮುರಿದು, ಕೂಡಿ, ಕೂಡಿದ್ದರ ಮೇಲೆ ಮತ್ತೆ ಮುರಿದು, ಆ ಕೈ ತೇಪೆಯ ಮೇಲೆ ತೇಪೆ ಬಿದ್ದ ಹಳೆಯ ಕೌದಿಯಂತಾಗಿತ್ತು. ಹೊರಗೆ ಬಂದು ಆಸಾಮಿಯ ಮುಖ ನೋಡಿದೆ.

"ಲಾರಿ ಬಾಗಲದಾಗ ಸಿಕ್ಕಿತ್ತೇನ್ರಿ ಕೈ?"

"ಇಲ್ರಿ ಬಾಯಾರ. ಕಲ್ಲಿಗೆ ಹೊಡದೇನಿ."

"ಕಲ್ಲು ಏನು ಮಾಡಿತ್ತು ನಿಮಗ?"

"ಕಲ್ಲೇನೂ ಮಾಡಿದ್ದಿಲ್ರಿ. ನಿನ್ನಿ ಒಡೀಲಿಲ್ಲ. ಅದಕ್ಕ ಇವತ್ತ ಮತ್ತ ಹೊಡದೆ."

ಇದನ್ನು ಅವನು ತಮಾಷೆಗೆ ಹೇಳಲಿಲ್ಲ. ಬಾಗಿಲಿಗೆ ತಲೆ ತಾಗುವಷ್ಟು ಎತ್ತರದ ಆಳು, ಅಮರಗೋಳದ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಚೀಲ ಹೊರುವ ಹಮಾಲ. ಚೀಲ ಎಳೆಯುವ ಕಬ್ಬಿಣದ ಕೊಕ್ಕೆ ಹೆಗಲ ಮೇಲೆ ತೂಗುತ್ತಿತ್ತು. ದನಿ ಮಾತ್ರ ಸಣ್ಣದು. ಹೆಂಗಸರ ಎದುರು ನೆಲ ನೋಡಿಕೊಂಡೇ ಮಾತಾಡುತ್ತಿದ್ದ. ಸಂಜೆಯಾದರೆ ಕಮರಿಪೇಟೆಯ ಒಂದು ಹಳೆಯ ಗರಡಿಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಇಪ್ಪತ್ತು ಮೂವತ್ತು ಜನರಿಗೆ ಟೇಕ್ವಾಂಡೋ ಕಲಿಸುತ್ತಾನೆಂದು ನಮ್ಮ ಡಾಕ್ಟರು ಹೇಳಿದರು. ಡಾಕ್ಟರಿಗೆ ಅವನ ಪರಿಚಯ ಚೆನ್ನಾಗಿತ್ತು, ಏಕೆಂದರೆ ಆ ಶೆಡ್ಡಿನಿಂದ ವಾರಕ್ಕೊಂದಾದರೂ ಬೆರಳು ನಮ್ಮಲ್ಲಿಗೆ ಬರುತ್ತಿತ್ತು.

ನಾನು ಹುಟ್ಟಿ ಬೆಳೆದದ್ದು ಧಾರವಾಡದ ಮಾಸ್ತರರ ಮನೆಯಲ್ಲಿ. ನಮ್ಮ ಮನೆಯಲ್ಲಿ ಪೆಟ್ಟು ಬೀಳುತ್ತಿದ್ದದ್ದು ತಬಲಾದ ಮೇಲೆ ಮಾತ್ರ. ಅಂಥವಳಿಗೆ ಈ ಫಕೀರಪ್ಪ ಮೊದಲ ದಿನದಿಂದಲೇ ಸಿಟ್ಟು ಬರಿಸಿದ. ಆ ಸಿಟ್ಟು ಹತ್ತು ಹನ್ನೆರಡು ವರ್ಷ ಇಳಿಯಲಿಲ್ಲ. ಇಳಿದಿದೆಯೆಂದು ಈಗಲೂ ಪ್ರಮಾಣ ಮಾಡಿ ಹೇಳಲಾರೆ.

ಅವನು ಈ ವಿದ್ಯೆ ಕಲಿತ ಕಥೆಯನ್ನು ಕೈಗೆ ಹಾಕಿದ ಪ್ಲಾಸ್ಟರ್ ಒಣಗುವ ತನಕ ಕಂತುಕಂತಾಗಿ ಕೇಳಿದ್ದೇನೆ. ತೊಂಬತ್ತರ ದಶಕದ ಆರಂಭದಲ್ಲಿ ಗೋಕುಲ ರಸ್ತೆಯ ಒಂದು ಕಾರ್ಖಾನೆಗೆ ಕೊರಿಯಾದಿಂದ ಯಂತ್ರ ಬಂತು. ಅದನ್ನು ಕೂಡಿಸಲು ಪಾರ್ಕ್ ಎಂಬ ಎಂಜಿನಿಯರ್ ಬಂದ. ಫಕೀರಪ್ಪ ಆಗ ಅಲ್ಲಿ ಲೋಡಿಂಗಿಗಿದ್ದ. ಪಾರ್ಕ್ ಸಾಹೇಬ ಬೆಳಿಗ್ಗೆ ಅಂಗಳದಲ್ಲಿ ಒಬ್ಬನೇ ಕಾಲೆತ್ತಿ ಕುಣಿಯುವುದನ್ನು ನೋಡಿ ಎಲ್ಲರೂ ನಕ್ಕರು. ಗರಡಿಯಲ್ಲಿ ಬೆಳೆದ ಫಕೀರಪ್ಪ ನಗಲಿಲ್ಲ, ಹೋಗಿ ಹಿಂದೆ ನಿಂತ. ಎಂಟು ತಿಂಗಳು ಕಲಿತ. ಒಬ್ಬರ ಒಂದೇ ಒಂದು ಮಾತೂ ಇನ್ನೊಬ್ಬರಿಗೆ ತಿಳಿಯುತ್ತಿರಲಿಲ್ಲ. ಹೊರಡುವ ದಿನ ಪಾರ್ಕ್ ಸಾಹೇಬ ಯಂತ್ರ ಬಂದಿದ್ದ ಪೆಟ್ಟಿಗೆಯ ಒಂದು ಹಲಗೆ ಕಿತ್ತು, ಗುದ್ದಿ ಎರಡು ತುಂಡು ಮಾಡಿ, ತನ್ನ ಬಿಳಿ ಅಂಗಿಯನ್ನೂ ಒಂದು ಚಿತ್ರದ ಪುಸ್ತಕವನ್ನೂ ಕೊಟ್ಟು ಹೋದ. ಆ ಪುಸ್ತಕ ಅಲ್ಲಿಯ ಸರಕಾರವೇ ಹೊರದೇಶದವರಿಗಾಗಿ ಅಚ್ಚು ಹಾಕಿಸಿದ್ದು. ತಮ್ಮ ಭಾಷೆ, ಕುಣಿತ, ಊಟ, ಟೇಕ್ವಾಂಡೋ ಕಲಿಸಲು ಊರೂರಲ್ಲಿ ಕೇಂದ್ರ ತೆರೆಯುತ್ತಿದ್ದೇವೆ ಎಂದು ಕೊನೆಯ ಪುಟದಲ್ಲಿ ಇಂಗ್ಲಿಷಿನಲ್ಲಿತ್ತು. ಅದನ್ನು ಓದಿ ಹೇಳಿದವಳು ನಾನೇ.

"ನಮ್ಮ ಸರಕಾರದವರು ಕುಸ್ತಿ ಕಲಸಾಕ ಹೊರದೇಶದಾಗ ಎಲ್ಲೆರ ಮನಿ ಕಟ್ಟ್ಯಾರೇನ್ರಿ ಬಾಯಾರ?" ಎಂದು ಕೇಳಿದ.

"ಊರಾಗಿನ ಗರಡಿಗೇ ಹಂಚು ಹೊದಿಸಿಲ್ಲ."

"ಮತ್ತ ನೋಡ್ರಿ! ಅಂಥಾ ದೇಶದ ವಿದ್ಯಾ ಹಗರಂತ ತಿಳೀಬಾರದು."

ಹಗುರೆಂದು ತಿಳಿಯಬಾರದು ಎಂಬ ಈ ಒಂದು ಮಾತೇ ಅವನ ಕೈ ತಿಂದಿತು. ಪಾರ್ಕ್ ಸಾಹೇಬ ಹೋದ ಮೇಲೆ ಮುರಿಯಲು ಹಲಗೆ ಬೇಕಾಯಿತು. ಗುರುವಿನ ಹೆಸರಿನಲ್ಲಿ ಮುರಿಯುವುದು ಎಂದ ಮೇಲೆ ಪೆಟ್ಟಿಗೆಯ ಕಟ್ಟಿಗೆ, ಮಾವಿನ ಕಟ್ಟಿಗೆ ತರುವುದೇ? ನಮ್ಮ ಕಡೆ ದೇವರ ಬಾಗಿಲಿಗೆ, ಮದುವೆಯ ಮಂಚಕ್ಕೆ ಯಾವ ಕಟ್ಟಿಗೆ ತರುತ್ತಾರೋ ಅದನ್ನೇ ತಂದ. ಒಂದು ಅಂಗುಲ ದಪ್ಪದ ಸಾಗವಾನಿ. ಸಾಗವಾನಿಗೆ ಹಣ ಸಾಲದ ದಿನ ನೆಲಕ್ಕೆ ಹಾಸುವ ಶಹಾಬಾದ್ ಕಲ್ಲಿನ ತುಂಡು. ಪುಸ್ತಕದ ಚಿತ್ರಗಳಲ್ಲಿ ಹಲಗೆ ಕಾಣುತ್ತಿತ್ತು, ಯಾವ ಮರದ್ದೆಂದು ಕಾಣುತ್ತಿರಲಿಲ್ಲ.

ಒಮ್ಮೆ ಆ ಶೆಡ್ಡಿಗೆ ಜಗಳಕ್ಕೆಂದೇ ಹೋದೆ. ಸಾವಿತ್ರಿ ಎಂಬ ಹತ್ತೊಂಬತ್ತರ ಹುಡುಗಿ, ಕಾಯಿಪಲ್ಲೆ ಮಾರುವವರ ಮಗಳು, ಅವನ ಶಿಷ್ಯರಲ್ಲೆಲ್ಲ ಚುರುಕು. ಎರಡು ತಿಂಗಳಲ್ಲಿ ಎರಡನೆಯ ಸಲ ಬೆರಳು ಮುರಿದುಕೊಂಡು ಬಂದಿದ್ದಳು. ಒಳಗೆ ಕಾಲಿಟ್ಟರೆ ಹನುಮಪ್ಪನ ಪಟ, ಪಕ್ಕದಲ್ಲಿ ಪಾರ್ಕ್ ಸಾಹೇಬನ ಫೋಟೋ, ಎರಡಕ್ಕೂ ಕುಂಕುಮ. ಶಿಷ್ಯರು ಕೊರಿಯಾದ ಭಾಷೆಯಲ್ಲಿ ಹನಾ, ದುಲ್, ಸೆತ್ ಎಂದು ಎಣಿಸುತ್ತ, ಒಂದೊಂದು ಎಣಿಕೆಗೂ ಕುಸ್ತಿಯವರ ಹಾಗೆ ತೊಡೆ ತಟ್ಟುತ್ತಿದ್ದರು. ಫಕೀರಪ್ಪ ಸಾಲಿನುದ್ದಕ್ಕೂ ನಡೆದು ಒಬ್ಬೊಬ್ಬರ ಹೊಟ್ಟೆಗೂ ಒದೆಯುತ್ತಿದ್ದ. ಒಬ್ಬ ಉಸಿರು ಕಟ್ಟಿ ಮಂಡಿಯೂರಿದ. ಅವನ ಕಾಲರ್ ಹಿಡಿದೆತ್ತಿ ಮತ್ತೊಂದು ಒದ್ದ. ಇನ್ನೊಬ್ಬನ ತುಟಿ ಒಡೆದು ಬಿಳಿ ಅಂಗಿಯ ಮೇಲೆ ರಕ್ತ ಸುರಿಯುತ್ತಿತ್ತು, ಆದರೂ ಅವನು ಎಣಿಸುವುದನ್ನು ನಿಲ್ಲಿಸಿರಲಿಲ್ಲ.

"ಇದು ಸಾಲಿಯೋ, ಕಸಾಯಿಖಾನಿಯೋ?" ಎಂದು ಚೀರಿದೆ.

"ಪೆಟ್ಟು ತಿನ್ನೂದು ಮೊದಲ ಕಲೀಬೇಕ್ರಿ ಬಾಯಾರ. ಕೊಡೂದು ತಾನ ಬರತೈತಿ."

"ಆ ಹುಡುಗಿ ಬೆಳ್ಳು ಮತ್ತ ಕೂಡೂದಿಲ್ಲ. ನಾಳೆ ಆಕಿ ತಕ್ಕಡಿ ಹೆಂಗ ಹಿಡೀಬೇಕು?"

ಅವನು ಉತ್ತರ ಕೊಡುವ ಮೊದಲೇ ಸಾವಿತ್ರಿ ಕಟ್ಟು ಹಾಕಿದ ಕೈಯನ್ನೇ ಸೊಂಟಕ್ಕಿಟ್ಟು ನನ್ನ ಮೇಲೆ ಬಂದಳು. "ನಮ್ಮ ಮಾಸ್ತರಿಗೆ ಏನರ ಅಂದ್ರ ನೋಡ್ರಿ. ಸಂತಿ ದಿನಾ ನನ್ನ ಸೀರಿ ಸೆರಗ ಜಗ್ಗಿದಂವಾ ಇವತ್ತ ಕುಂಟಾಕತ್ತಾನ. ಅದು ಯಾರು ಕಲಿಸ್ಯಾರ?" ನಾನು ಬಂದ ದಾರಿಯಲ್ಲೇ ವಾಪಸು ಬಂದೆ.

ಅವನ ಪೆಟ್ಟು ಎಂಥದ್ದೆಂದು ತಿಳಿದದ್ದು ಒಂದು ಬೇಸಿಗೆಯ ಮಧ್ಯಾಹ್ನ. ದವಾಖಾನೆಯ ಮುಂದೆ ಕೈಗಾಡಿ ನಿಂತಿತು. ಎಳೆದುಕೊಂಡು ಬಂದವನು ಫಕೀರಪ್ಪ. ಗಾಡಿಯಲ್ಲಿ ಮಲಗಿದ್ದವನ ಕೆಳದವಡೆ ಮುಖದಿಂದ ಬೇರೆಯಾದಂತೆ ಜೋತಾಡುತ್ತಿತ್ತು. ಇಬ್ಬರ ಮೈಮೇಲೂ ರಕ್ತ ಯಾವುದು, ಮೆಣಸಿನಪುಡಿ ಯಾವುದು ತಿಳಿಯುತ್ತಿರಲಿಲ್ಲ. ಒಳಗೆ ಬರುತ್ತಿದ್ದಂತೆ ಇಡೀ ದವಾಖಾನೆ ಸೀನತೊಡಗಿತು. ಮಲಗಿದ್ದವನು ಒಬ್ಬ ವ್ಯಾಪಾರಿಯ ಮೇಸ್ತ್ರಿ. ಚೀಲ ಒಡೆದು ಕಾಯಿ ಚೆಲ್ಲಿತೆಂದು ಒಬ್ಬ ಮುದುಕ ಹಮಾಲನನ್ನು ತಕ್ಕಡಿಯ ಕಬ್ಬಿಣದ ದಂಡದಿಂದ ಬಾರಿಸಿದ್ದನಂತೆ. ಮುದುಕ ಬಿದ್ದ ಮೇಲೂ ಬಿಡಲಿಲ್ಲವಂತೆ.

"ಒಂದ ಹೊಡದೇನ್ರಿ. ಎರಡನೇದು ಎತ್ತಿದ್ದೆ, ಅಷ್ಟರಾಗ ಬಿದ್ದ," ಎಂದ ಫಕೀರಪ್ಪ. ಆಮೇಲೆ ಅಂಗಿಯ ಕಿಸೆಯಿಂದ ಎಲೆಯಲ್ಲಿ ಸುತ್ತಿದ್ದ ಎರಡು ಹಲ್ಲು ತೆಗೆದು ನನ್ನ ಮೇಜಿನ ಮೇಲಿಟ್ಟ. "ಹಾದ್ಯಾಗ ಹುಡಿಕಿ ತಂದೇನಿ. ತಿರುಗಿ ಹಚ್ಚಾಕ ಬರತಾವೇನ ಕೇಳ್ರಿ ಡಾಕ್ಟರ್ಗೆ."

ಹೊಡೆದವನೇ ಹೊತ್ತು ತರುವುದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಆದರೆ ಅದು ಅಲ್ಲಿಗೆ ಮುಗಿಯಲಿಲ್ಲ. ವಾರದೊಳಗೆ ಮೇಸ್ತ್ರಿಯ ಅಣ್ಣತಮ್ಮಂದಿರು ನಾಲ್ವರು ಸೈಕಲ್ ಚೈನು ಹಿಡಿದು ಶೆಡ್ಡಿಗೇ ನುಗ್ಗಿದರು. ಶಿಷ್ಯರು ಮೈಮೇಲೆ ಹಾರುವುದರಲ್ಲಿದ್ದರು. ಫಕೀರಪ್ಪ, "ಒಬ್ಬರೂ ಅಲಗಬ್ಯಾಡ್ರಿ. ಇದು ನನ್ನ ಲೆಕ್ಕ," ಎಂದು ನಡುಮಧ್ಯೆ ನಿಂತು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಅವರಿಗೆ ದಣಿವಾಗುವ ತನಕ ತಿಂದ. ಸಾವಿತ್ರಿ ಅಳುತ್ತ ಹೇಳಿದ್ದು ಇದು. ಆ ದಿನದ ಎಕ್ಸ್‌ರೇಯಲ್ಲಿ ಮೂರು ಪಕ್ಕೆಲುಬು ಮುರಿದಿದ್ದವು. ಬೆನ್ನಿನ ಮೇಲೆ ಚೈನಿನ ಒಂದೊಂದು ಕೊಂಡಿಯ ಗುರುತೂ ಇತ್ತು.

ಮೇಜಿನ ಮೇಲೆ ಮಲಗಿದಲ್ಲೇ, ಉಸಿರಿಗೆ ತಡವರಿಸುತ್ತ, ಅವನು ನನ್ನನ್ನು ಒಂದು ಕೆಲಸ ಕೇಳಿದ. "ಆ ಪುಸ್ತಕದಾಗಿನ ಕೇಂದ್ರಕ್ಕ ಒಂದು ಪತ್ರ ಬರೀರಿ ಬಾಯಾರ. ಖರೇ ಮಾಸ್ತರನ್ನ ಕಳಸ್ರಿ ಅಂತ. ನಾ ಎಂಟ ತಿಂಗಳಿನ್ಯಾವ, ಅರ್ಧಾ ಕಲತಾಂವ. ಎರಡನೇ ಪೆಟ್ಟಿಗೆ ಕೈ ಎತ್ತಿದ್ದೆ ನೋಡ್ರಿ, ಬಿದ್ದಾನಂತ ಗೊತ್ತಾಗೂದರಾಗ. ಪೂರಾ ಕಲತಾಂವ ಎತ್ತತಿದ್ದಿಲ್ಲ. ಅರ್ಧಾ ವಿದ್ಯಾ ಹಿಡಕೊಂಡು ಹುಡುಗೂರನ್ನ ಹೊಡ್ಯಾಕತ್ತೇನಿ ನಾನು."

ನನ್ನ ಕಣ್ಣು ಒದ್ದೆಯಾಯಿತು. ಸಿಟ್ಟು ಇಳಿದದ್ದು ಅದೊಂದು ದಿನ ಮಾತ್ರ. ಅದೇ ದಿನ ಪತ್ರ ಬರೆದೆ.

ಉತ್ತರ ಬರಲು ವರ್ಷಗಳೇ ಹಿಡಿದವು. ಪುಸ್ತಕದಲ್ಲಿದ್ದ ವಿಳಾಸಕ್ಕೆ ಬರೆದದ್ದು ಮರಳಿ ಬಂತು. ಅವರ ರಾಯಭಾರ ಕಚೇರಿಗೆ ಮತ್ತೆ ಬರೆದೆ. ಹೊಸ ಶತಮಾನ ಹುಟ್ಟಿ ನಾಲ್ಕೈದು ವರ್ಷವಾದ ಮೇಲೆ, ಮುಂಬಯಿಯಲ್ಲಿ ಆ ಸರಕಾರದ ನೆರವಿನ ಸಂಸ್ಕೃತಿ ಕೇಂದ್ರವೊಂದು ಶುರುವಾಗಿ, ನಮ್ಮ ಪತ್ರ ಹೇಗೋ ಅವರ ಕೈಗೆ ಸಿಕ್ಕಿತು. ನಾವು ಹುಬ್ಬಳ್ಳಿಗೆ ಒಂದು ಪ್ರದರ್ಶನ ತರುತ್ತೇವೆ, ಅದರಲ್ಲಿ ನಿಮ್ಮ ಶಾಲೆಗೂ ಹತ್ತು ನಿಮಿಷ, ಒಪ್ಪಿಗೆಯಾದರೆ ಶಾಲೆಗೆ ಮಾನ್ಯತೆ ಕೊಟ್ಟು ಪ್ರತಿ ವರ್ಷ ಎರಡು ತಿಂಗಳು ಒಬ್ಬ ಶಿಕ್ಷಕರನ್ನು ಕಳಿಸುತ್ತೇವೆ ಎಂದು ಬರೆದರು. ಜೊತೆಗೆ ತುಂಬಬೇಕಾದ ಒಂದು ಅರ್ಜಿ.

ಆ ಅರ್ಜಿಯಲ್ಲಿ ಶಿಕ್ಷಕರ ದೇಹಸ್ಥಿತಿ ಎಂಬ ಒಂದು ಸಾಲಿತ್ತು. ಅದೇ ತಿಂಗಳು ನಮ್ಮ ಡಾಕ್ಟರು ಫಕೀರಪ್ಪನ ಕೈ ಹಿಡಿದು ನನ್ನೆದುರೇ ಹೇಳಿದ್ದರು, "ಇನ್ನೊಂದ ಪೆಟ್ಟು ಬಿದ್ರ ಈ ಕೈ ಮುಚ್ಚೂದಿಲ್ಲ. ಕೊಕ್ಕಿ ಹಿಡಿಯಾಕ ಬರೂದಿಲ್ಲ, ಚೀಲ ಎತ್ತಾಕ ಬರೂದಿಲ್ಲ. ಉಪವಾಸ ಬೀಳ್ತೀ." ಅದನ್ನು ಬರೆದರೆ ಕೇಂದ್ರದವರು ಬರುವುದಿಲ್ಲವೆಂದು ನನಗೆ ಹೆದರಿಕೆ. ಉತ್ತಮ ಎಂದು ಬರೆದೆ. ಅವನಿಂದ ಮಾತ್ರ ಹನುಮಪ್ಪನ ಮುಂದೆ ಆಣೆ ಮಾಡಿಸಿಕೊಂಡೆ, ಪ್ರದರ್ಶನದಲ್ಲಿ ಶಿಷ್ಯರು ಒದೆಯಲಿ, ನೀನು ಏನನ್ನೂ ಮುರಿಯಕೂಡದು ಎಂದು.

ಪ್ರದರ್ಶನದ ಸಂಜೆ ಸಭಾಭವನ ಕಿಕ್ಕಿರಿದಿತ್ತು. ಕೇಂದ್ರದವರು ಡೋಲು ಬಾರಿಸಿದರು, ಕುಣಿದರು, ಹುದುಗು ಬರಿಸಿದ ಎಲೆಕೋಸಿನ ಉಪ್ಪಿನಕಾಯಿ ಹಂಚಿದರು. ಧಾರವಾಡದಿಂದ ಬಂದಿದ್ದ ನಮ್ಮ ಅಕ್ಕ ಅದಕ್ಕೆ ಒಗ್ಗರಣೆ ಸಾಲದೆಂದಳು. ನಮ್ಮ ಶೆಡ್ಡಿನವರು ಬಂದು, ಎಣಿಸಿ, ತೊಡೆ ತಟ್ಟಿ, ಗಾಳಿಯಲ್ಲಿ ಹಾರಿ ಒದ್ದರು. ಸಾವಿತ್ರಿಯ ಒದೆತಕ್ಕೆ ಜನ ಎದ್ದು ಸಿಳ್ಳೆ ಹೊಡೆದರು. ಎಲ್ಲ ಸರಿಯಾಗಿಯೇ ನಡೆದಿತ್ತು. ಕೊನೆಯಲ್ಲಿ ಕೇಂದ್ರದ ಮುಖ್ಯಸ್ಥೆ, ಐವತ್ತು ದಾಟಿದ ಗಟ್ಟಿ ಹೆಂಗಸು, ತಾವು ತಂದಿದ್ದ ಒಂದು ಹಲಗೆಯನ್ನು ಎರಡೂ ಕೈಯಲ್ಲಿ ಹಿಡಿದು, ಗೌರವದಿಂದ ಫಕೀರಪ್ಪನ ಮುಂದೆ ನಿಂತರು. ಮುರಿಯಿರಿ ಎಂದು.

ಮುಂದಿನ ಸಾಲಿನಿಂದ ನಾನು ಬೇಡವೆಂದು ತಲೆಯಾಡಿಸಿದೆ. ಅವನು ನನ್ನನ್ನು ನೋಡಿ, ದೇವರಿಗಿಂತ ಅತಿಥಿ ದೊಡ್ಡವರು ಎಂಬಂತೆ ಮುಖ ಮಾಡಿ, ಮೆಲ್ಲಗೆ ಗುದ್ದಿದ. ಹಲಗೆ ಹಪ್ಪಳದಂತೆ ಎರಡಾಯಿತು. ಸಭೆಯಲ್ಲಿ ಯಾರೋ ನಕ್ಕರು. "ಮಾಸ್ತರ, ಬಿಸ್ಕೀಟ ಮುರದಿ!" ಎಂದು ಹಿಂದಿನಿಂದ ಒಬ್ಬ ಕೂಗಿದ. ಇಡೀ ಸಭೆ ನಕ್ಕಿತು.

ಫಕೀರಪ್ಪ ಆಕೆಯ ಕೈಯಿಂದ ಒಂದು ತುಂಡು ತೆಗೆದುಕೊಂಡು ತೂಗಿ ನೋಡಿದ, ಮೂಸಿ ನೋಡಿದ. ಮುಖ ಕಪ್ಪಾಯಿತು. ಹುಬ್ಬಳ್ಳಿಯವನಿಂದ ಇಷ್ಟೇ ಆದೀತೆಂದು ಮಕ್ಕಳ ಹಲಗೆ ಕೊಟ್ಟರು ಎಂದು ತಿಳಿದನಂತೆ. ಆಮೇಲೆ ಅವನೇ ಹೇಳಿದ್ದು. ನೇರ ತೆರೆಯ ಹಿಂದೆ ಹೋಗಿ ತನ್ನ ಸಾಗವಾನಿ ಹಲಗೆ ತಂದು, ಹನುಮಪ್ಪನ ಆಣೆಯನ್ನೇ ಬಿಸಾಕಿದವನನ್ನು ಬೇರೆ ಯಾರು ತಡೆಯುವವರು, ಎರಡು ಇಟ್ಟಿಗೆಯ ಮೇಲಿಟ್ಟು, ತೊಡೆ ತಟ್ಟಿ, ಗರ್ಜಿಸಿ ಹೊಡೆದ. ಒಡೆಯಲಿಲ್ಲ. ಮತ್ತೆ ಹೊಡೆದ. ಮೂರನೆಯ ಪೆಟ್ಟಿಗೆ ಒಡೆಯಿತು. ಜನ ಹುಚ್ಚೆದ್ದು ಕೂಗಿದರು. ಆದರೆ ಹಲಗೆ ಒಡೆಯುವ ಸದ್ದಿನೊಳಗೆ ಇನ್ನೊಂದು ಸದ್ದಿತ್ತು. ಹನ್ನೆರಡು ವರ್ಷ ಎಲುಬಿನ ಜೊತೆ ಕಳೆದವಳಿಗೆ ಅದು ತಿಳಿಯದೆ ಹೋಗುವುದಿಲ್ಲ.

ಮುಖ್ಯಸ್ಥೆ ಸಂತೋಷದಿಂದ ಎರಡೂ ಕೈ ಚಾಚಿ ಕೈಕುಲುಕಲು ಬಂದರು. ಬಲಗೈ ಕೊಡುವಂತಿಲ್ಲ. ಎಡಗೈ ಕೊಟ್ಟರೆ ನಮ್ಮಲ್ಲಿ ಅವಮಾನ. ಫಕೀರಪ್ಪ ಒಂದು ಗಳಿಗೆ ನಿಂತು, ಮುರಿದ ಕೈಯನ್ನು ಹೊಟ್ಟೆಯ ಕೆಳಗೆ ಅಡಗಿಸಿಕೊಂಡು, ಆ ಹೆಂಗಸಿನ ಕಾಲ ಮುಂದೆ ಉದ್ದಕ್ಕೆ ಬಿದ್ದು ಸಾಷ್ಟಾಂಗ ನಮಸ್ಕಾರ ಹಾಕಿಬಿಟ್ಟ. ಅವರ ದೇಶದಲ್ಲೂ ಹಿರಿಯರಿಗೆ ನೆಲಕ್ಕೆ ಹಣೆ ಹಚ್ಚುವುದುಂಟಂತೆ. ಆಕೆಯ ಮುಖ ಬದಲಾಯಿತು. ತಾವೂ ಮಂಡಿಯೂರಿ ಅವನೆದುರು ಹಣೆಯನ್ನು ವೇದಿಕೆಗೆ ಹಚ್ಚಿದರು. ಚಪ್ಪಾಳೆ ನಿಲ್ಲಲೇ ಇಲ್ಲ. ಶಾಲೆಗೆ ಮಾನ್ಯತೆ ಸಿಕ್ಕಿದ್ದು ಅಲ್ಲೇ, ಆ ನಮಸ್ಕಾರಕ್ಕೆ. ಹೊರಡುವಾಗ ಆಕೆ ಒಂದೇ ಷರತ್ತು ಹೇಳಿದರು. ವಿದ್ಯಾರ್ಥಿಗಳಿಗೆ ಇಂಥ ಕಟ್ಟಿಗೆ ಕೊಡಬಾರದು, ಯಾರಿಗಾದರೂ ಪೆಟ್ಟಾದದ್ದು ತಿಳಿದರೆ ಮಾನ್ಯತೆ ಹಿಂದಕ್ಕೆ. ಅದನ್ನು ಕನ್ನಡದಲ್ಲಿ ಅವನಿಗೆ ಹೇಳಿದವಳೂ ನಾನೇ. ಅವನು ಕೈ ಬೆನ್ನ ಹಿಂದಿಟ್ಟುಕೊಂಡು, ಬೆವರುತ್ತ, "ಹೂಂ ಅನ್ರಿ" ಎಂದ.

ದವಾಖಾನೆಯಲ್ಲಿ ಪ್ಲಾಸ್ಟರ್ ಹಾಕುವಾಗ ಅವನು ಅಳಲಿಲ್ಲ, ನರಳಲೂ ಇಲ್ಲ. ಒಂದು ಮಾತು ಕೇಳಿದ.

"ಬಾಯಾರ, ಪಾರ್ಕ್ ಸಾಹೇಬ್ರು ಅವತ್ತ ಮುರದದ್ದು ಆ ಹಗರ ಕಟಗೀನ ಏನ್ರಿ?"

"ಪೆಟಗಿ ಹಲಗಿ ಅಂದ ಮ್ಯಾಲೆ ಅದೇ ಇರಬೇಕು."

"ಮತ್ತ ನಾವು ಇಷ್ಟ ವರ್ಷ ಮುರದದ್ದು?"

ಅವನು ಗೋಡೆಯ ಕಡೆ ತಿರುಗಿ, "ಹುಡುಗೂರ ಬೆಳ್ಳು," ಎಂದ. ಅಷ್ಟೇ. ಆಗ ಅವನ ಹೆಗಲುಗಳು ಅಲುಗಿದವು.

ಕೈ ಮುಚ್ಚಲಿಲ್ಲ. ಡಾಕ್ಟರು ಹೇಳಿದಂತೆಯೇ ಆಯಿತು. ಹಮಾಲಿ ಬಿಟ್ಟು ಮಾರುಕಟ್ಟೆಯಲ್ಲೇ ಚೀಲ ಕಾಯುವ ಕೆಲಸ ಹಿಡಿದ. ಮುಂದಿನ ವರ್ಷ ಕೇಂದ್ರದಿಂದ ಶಿಕ್ಷಕ ಬಂದ. ಇಪ್ಪತ್ತೈದರ ಎಳೆಯ ಯುವಕ, ಹಲಗೆ ಮುರಿಯುವುದರ ಮಾತೇ ಇಲ್ಲ, ಹತ್ತಿಯ ಮೆತ್ತೆಗೆ ಒದೆಸುತ್ತಿದ್ದ. ಮೊದಲ ದಿನ ಮಾತು ತಿಳಿಸಲು ನನ್ನನ್ನು ಕರೆದಿದ್ದರು. ಮುಂದಿನ ಸಾಲಿನಲ್ಲಿ ಸಾವಿತ್ರಿ ನಿಂತಿದ್ದಳು. ಎಲ್ಲಕ್ಕಿಂತ ಹಿಂದಿನ ಸಾಲಿನಲ್ಲಿ, ಹೊಸಬರ ಬಿಳಿ ಪಟ್ಟಿ ಸೊಂಟಕ್ಕೆ ಕಟ್ಟಿಕೊಂಡು, ಐವತ್ತರ ಹತ್ತಿರದ ಫಕೀರಪ್ಪ ನಿಂತಿದ್ದ. ಈ ಶಾಲೆಯ ಮಾಸ್ತರ ತಾನೇ ಎಂದು ಯುವಕನಿಗೆ ತಿಳಿಸಕೂಡದೆಂದು ಎಲ್ಲರಿಗೂ ಹೇಳಿದ್ದ.

ಯುವಕ ಒಬ್ಬೊಬ್ಬರ ಮುಷ್ಟಿ ತಿದ್ದುತ್ತ ಬಂದು ಅವನ ಮುಂದೆ ನಿಂತ. ಬಲಗೈ ಎತ್ತಿ, ಬೆರಳು ಮಡಿಸಲು ನೋಡಿ, ಬೆಚ್ಚಿ ಬಿಟ್ಟ. ಇವರ ಕೈಗೆ ಏನಾಯಿತು ಕೇಳಿ ಎಂದು ಇಂಗ್ಲಿಷಿನಲ್ಲಿ ನನಗೆ ಹೇಳಿದ.

ಫಕೀರಪ್ಪ ನನ್ನನ್ನು ನೋಡದೆ ಮೆಲ್ಲಗೆ ಹೇಳಿದ. "ಕೈಮ್ಯಾಲೆ ಚೀಲ ಬಿತ್ತು ಅಂತ ಹೇಳ್ರಿ."

"ಫಕೀರಪ್ಪ..."

"ಖರೇ ಹೇಳಿದ್ರ ಇವ್ರು ನಾಳೆ ಗಂಟು ಕಟ್ಟತಾರ. ಹುಡುಗೂರು ಮತ್ತ ನನ್ನ ಕಡೆ ಕಲೀಬೇಕಾಗತೈತಿ. ಹೇಳ್ರಿ ಬಾಯಾರ."

ಚೀಲ ಬಿತ್ತಂತೆ ಎಂದು ಹೇಳಿದೆ. ಯುವಕನಿಗೆ ಕನಿಕರವಾಯಿತು. ಭಾರ ಎತ್ತುವಾಗ ಸ್ವಲ್ಪ ಜಾಗ್ರತೆಯಿಂದಿರಬೇಕು ಎಂದು ಹೇಳಿ ಎಂದ. ಅದನ್ನೂ ಹೇಳಿದೆ. ಫಕೀರಪ್ಪ ತಲೆಬಾಗಿ ಹೂಂ ಎಂದ. ಆಮೇಲೆ ಯುವಕ ಅವನ ಎಡಗೈ ಹಿಡಿದು, ಹೆಬ್ಬೆರಳು ಎಲ್ಲಿಡಬೇಕು, ಮುಷ್ಟಿ ಹೇಗೆ ಕಟ್ಟಬೇಕು ಎಂದು ಮೊದಲ ಪಾಠದಿಂದ ತೋರಿಸತೊಡಗಿದ. ಆ ಮುಷ್ಟಿಯಲ್ಲಿ ತಿದ್ದುವಂಥದ್ದೇನೂ ಇರಲಿಲ್ಲ. ಆದರೂ ಬಿಚ್ಚು ಎಂದಾಗ ಬಿಚ್ಚಿದ, ಕಟ್ಟು ಎಂದಾಗ ಕಟ್ಟಿದ. ನಾನು ಅರ್ಜಿಯಲ್ಲಿ ಬರೆದ ಆ ಒಂದು ಪದ ನೆನಪಾಗಿ, ಅಲ್ಲಿ ನಿಲ್ಲಲಾರದೆ ಹೊರಗೆ ಬಂದೆ.

ಅದೇ ನಾನು ಅವನನ್ನು ಕೊನೆಯ ಸಲ ನೋಡಿದ್ದು. ಮಳೆಗಾಲದಲ್ಲಿ ಜ್ವರ ಬಂದು ಹೋಗಿಬಿಟ್ಟನೆಂದು ಸಾವಿತ್ರಿ ದವಾಖಾನೆಗೆ ಬಂದು ಹೇಳಿದಳು. ಅದಕ್ಕೂ ಮೊದಲು, ಆ ಯುವಕ ಎರಡು ತಿಂಗಳು ಕಲಿಸಿ ಹೊರಟಾಗ ಕೇಂದ್ರಕ್ಕೆ ಒಂದು ವರದಿ ಬರೆದು, ಅದರ ಪ್ರತಿಯೊಂದನ್ನು ಶೆಡ್ಡಿಗೂ ಕೊಟ್ಟಿದ್ದನಂತೆ. ಹಿಂದಿನ ಸಾಲಿನ ವಯಸ್ಸಾದ ವಿದ್ಯಾರ್ಥಿ ಬಹಳ ಶ್ರದ್ಧಾವಂತ, ಆದರೆ ಹೊಸಬ, ಇನ್ನೂ ಕಲಿಯುವುದಿದೆ ಎಂದು ಅದರಲ್ಲಿತ್ತು. ಅದನ್ನು ಓದಿಸಿಕೊಂಡು ಫಕೀರಪ್ಪ ಇಡೀ ಶೆಡ್ಡಿಗೆ ಪೇಢೆ ಹಂಚಿದನಂತೆ.